ನೀಲಿಯೊಂದರಲ್ಲೇ ಬರೆದ ಶೈವಲಗಳು

ಇಂಗ್ಲೆಂಡಿನ ಆನಾ ಆಟ್ಕಿನ್ಸ್ ಎಂಬ ವಿದುಷಿಯು (1799–1871) 1843ರಿಂದ 1853ರವರೆಗೆ ಬಿಡಿಬಿಡಿಯಾಗಿ ಹೊರತಂದ ಬ್ರಿಟಿಷ್ ಸಮುದ್ರಶೈವಲಗಳ ಸಂಪುಟವು, ಛಾಯಾಚಿತ್ರಗಳಿಂದ ಕೂಡಿದ ಗ್ರಂಥಗಳಲ್ಲಿ ಮೊದಲನೆಯದೆಂದು ಎಣಿಸಲ್ಪಟ್ಟಿದೆ. ಅದರ ಪುಟಗಳೆಲ್ಲವೂ ನೀಲಿ. ಪೀಠಿಕೆಯ ಕೈಬರೆಹವೂ ಆ ನೀಲಿಯ ನಡುವೆಯೇ ಬೆಳ್ಳಗೆ ಮೂಡಿದೆ. ನೋಡಿದವರು ಕಡಲನ್ನೇ ಕಂಡಂತಾಯಿತೆಂದು ಕೊಂಡಾಡುವುದು ವಾಡಿಕೆ. ಈ ಪ್ರಶಂಸೆಯು ಸಾಧುವೆ?

ಆಕೆ ಈ ವಿಧಾನವನ್ನು ಹಿಡಿದುದು ಕಡಲಿನ ಬಣ್ಣಕ್ಕಾಗಿ ಅಲ್ಲ. ಅತಿಸೂಕ್ಷ್ಮವಾದ ಶೈವಲಗಳನ್ನು ಕೈಯಿಂದ ಯಥಾವತ್ತಾಗಿ ಬರೆಯುವುದು ದುಷ್ಕರವೆಂಬುದೇ ಪೀಠಿಕೆಯಲ್ಲಿ ಕೊಟ್ಟಿರುವ ಕಾರಣ. ಸರ್ ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದ ಕ್ರಮವಿದು. ಕಬ್ಬಿಣದ ಎರಡು ಲವಣಗಳ ದ್ರವವನ್ನು ಕಾಗದಕ್ಕೆ ಬಳಿದು ಕತ್ತಲೆಯಲ್ಲಿ ಒಣಗಿಸಿ, ಮೇಲೆ ಸಸ್ಯವನ್ನಿಟ್ಟು, ಗಾಜಿನಿಂದ ಒತ್ತಿ ಬಿಸಿಲಿಗೆ ಹಿಡಿಯುವುದು. ಅನಂತರ ನೀರಿನಲ್ಲಿ ತೊಳೆಯುವುದು. ಬಿಸಿಲು ಬಿದ್ದೆಡೆ ಗಾಢವಾದ ನೀಲಿ, ಮರೆಯಾದೆಡೆ ಬಿಳುಪು. ಕ್ಯಾಮರಾ ಬೇಕಿಲ್ಲ. ಇದೇ ಬಣ್ಣದಲ್ಲಿ ಆಕೆ ತನ್ನ ಗೆಳತಿ ಆನ್ ಡಿಕ್ಸನ್‌ಳೊಡನೆ ಜರೀಗಿಡಗಳನ್ನೂ ಚಿತ್ರಿಸಿದಳು. ಜರೀಗಿಡಕ್ಕೂ ಸಮುದ್ರಕ್ಕೂ ಏನು ಸಂಬಂಧ? ಆದರೂ ಆ ಚಿತ್ರಗಳು ರಮ್ಯವಾಗಿಯೇ ಇವೆ. ಆದುದರಿಂದ ಕಡಲಿನ ಹೋಲಿಕೆಯು ಕಾಕತಾಳೀಯವೇ ಹೊರತು ಸೌಂದರ್ಯದ ಮೂಲವಲ್ಲ.

ಇನ್ನು ಶಾಸ್ತ್ರದೃಷ್ಟಿಯಿಂದ ನಷ್ಟವಾದುದನ್ನು ಮರೆಯಲಾಗದು. ಆಕೆಯ ಸಂಪುಟವು ವಿಲಿಯಂ ಹಾರ್ವೆಯ 1841ರ ಕೈಪಿಡಿಗೆ ಚಿತ್ರಗಳಿಲ್ಲದ ಕೊರತೆಯನ್ನು ತುಂಬಲು ಹೊರಟದ್ದು. ಆ ಹಾರ್ವೆಯಾದರೋ ಶೈವಲಗಳನ್ನು ಕೆಂಪು, ಕಂದು, ಹಸುರು ಎಂದು ಬಣ್ಣದಿಂದಲೇ ವಿಂಗಡಿಸಿದವನು! ಮೂರನ್ನೂ ಒಂದೇ ನೀಲಿಯಲ್ಲಿ ತೋರಿಸಿದರೆ ವಿದ್ಯಾರ್ಥಿಗೆ ವರ್ಗದ ಗುರುತೇ ಹಾರಿಹೋಗುವುದಿಲ್ಲವೆ? ಯಥಾವತ್ತೆಂಬ ಮಾತು ಆಕಾರಕ್ಕೆ ಸಲ್ಲುವುದು, ವರ್ಣಕ್ಕೆ ಸಲ್ಲದು.

ಹೀಗಿದ್ದರೂ ಕೈಗೆ ಬಂದ ಲಾಭವು ಸಾಮಾನ್ಯವಲ್ಲ. ಶೈವಲದ ಎಲೆಯು ತೆಳುವಾದಲ್ಲಿ ಬೆಳಕು ಸ್ವಲ್ಪ ತೂರಿ ತಿಳಿನೀಲಿಯಾಗುತ್ತದೆ. ಎರಡು ಪದರ ಕೂಡಿದಲ್ಲಿ ಇನ್ನೂ ಬಿಳುಪೇರುತ್ತದೆ. ನಡುನರವು ಶುಭ್ರವಾಗಿ ನಿಲ್ಲುತ್ತದೆ. ಬಣ್ಣದ ವೈವಿಧ್ಯವಿದ್ದಿದ್ದರೆ ಕಣ್ಣು ಅದರ ಹಿಂದೆ ಹೋಗುತ್ತಿತ್ತು. ಈ ಏಕವರ್ಣದಲ್ಲಿ ಕಾಣುವುದು ಆ ಸಸ್ಯದ ಪಾರದರ್ಶಕತೆ. ಕುಂಚದವರಿಗೆ ಸುಲಭವಾಗಿ ಸಿಕ್ಕದ ಗುಣ. ನಮ್ಮ ಪ್ರಾಚೀನಕಾವ್ಯಗಳಲ್ಲಿ ಶೈವಲವು ಕಮಲದ ಪರಿವಾರವಾಗಿಯೇ ಬರುವುದು ರೂಢಿ. ಅದನ್ನು ಅದಕ್ಕಾಗಿಯೇ ಇಷ್ಟು ಹೊತ್ತು ನೋಡಿದವರು ವಿರಳ.

ದಪ್ಪವಾದ ಜಾತಿಗಳಲ್ಲಿ ಮಾತ್ರ ಈ ವಿದ್ಯೆ ಸೋಲುತ್ತದೆ. ಬೆಳಕು ಒಳಹೊಗದೆ ಬರಿಯ ಬಿಳಿಯ ನೆರಳು ಉಳಿಯುತ್ತದೆ; ಕತ್ತರಿಯಿಂದ ಕತ್ತರಿಸಿದ ಕಾಗದವನ್ನಿಟ್ಟಿದ್ದರೂ ಅಷ್ಟೇ ಕಾಣುತ್ತಿತ್ತು. ಎಳೆಎಳೆಯಾದ ನವುರಾದ ಶೈವಲಗಳ ಪುಟಗಳಲ್ಲಿಯೇ, ಕೂದಲಿಗಿಂತ ಸಣ್ಣ ಕವಲೂ ಕೆಡದೆ ಉಳಿದಿರುವೆಡೆಯಲ್ಲಿಯೇ, ಆಟ್ಕಿನ್ಸಳ ಕೃತಿಯನ್ನು ನೋಡತಕ್ಕದ್ದು.