ಒಂಬತ್ತನೇ ಕ್ಲಾಸಿನ ಕೈಬರಹ

ಮಗು ಎಂಟನೇ ಕ್ಲಾಸು ದಾಟಿತೆಂದರೆ ಮನೆಯವರು ಅದರ ಕೈಬರಹದ ಆಸೆ ಬಿಟ್ಟುಬಿಡುತ್ತಾರೆ. ‘ಇನ್ನೇನು ತಿದ್ದೋದು, ಕೈ ಕೂತುಬಿಟ್ಟಿದೆ’ ಎಂಬ ಮಾತು ಕೇಳದ ಮನೆಯಿಲ್ಲ. ಈ ಮಾತಿಗೆ ಗಾಂಧೀಜಿಯ ಸಾಕ್ಷಿಯೂ ಸಿಗುತ್ತದೆ. ದಕ್ಷಿಣ ಆಫ್ರಿಕದಲ್ಲಿ ವಕೀಲರ, ಅಲ್ಲೇ ಹುಟ್ಟಿ ಓದಿದ ಯುವಕರ ಚೆಂದದ ಅಕ್ಷರ ಕಂಡು ನಾಚಿದ್ದನ್ನು, ಆಮೇಲೆ ತಿದ್ದಿಕೊಳ್ಳಲು ಹೊರಟರೂ ಹೊತ್ತು ಮೀರಿದ್ದನ್ನು ಅವರು ಆತ್ಮಕಥೆಯಲ್ಲಿ ಬರೆದಿದ್ದಾರೆ. ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಚಿತ್ರ ಬರೆಯಲು ಕಲಿಸಬೇಕೆಂಬ ಸಲಹೆಯನ್ನೂ ಅಲ್ಲೇ ಕೊಡುತ್ತಾರೆ. ಸಲಹೆಯನ್ನು ನಾನು ಪೂರ್ತಿ ಒಪ್ಪುತ್ತೇನೆ. ಹೊತ್ತು ಮೀರಿತು ಎಂಬುದನ್ನು ಹದಿನಾಲ್ಕು ವರ್ಷದ ಮಗುವಿನ ವಿಷಯದಲ್ಲಿ ಒಪ್ಪಲಾರೆ. ಆ ವಯಸ್ಸಿನಲ್ಲಿ ಕೆಟ್ಟಿರುವುದು ಇಡೀ ವರ್ಣಮಾಲೆಯಲ್ಲ, ನಾಲ್ಕೈದು ಅಕ್ಷರ ಮತ್ತು ಸಾಲಿನ ಜಾಗ, ಅಷ್ಟೇ.

ಹಾಗಿರುವಾಗ ‘ದಿನಾ ಎರಡು ಪುಟ ಕಾಪಿ ಬರೆ’ ಎನ್ನುವುದರಿಂದ ಉಪಯೋಗವಿಲ್ಲ. ಒಂದನೇ ಕ್ಲಾಸಿನ ತಂಗಿ ಬರೆಯುವ ಪುಸ್ತಕವನ್ನೇ ತನಗೂ ಕೊಟ್ಟರೆ ದೊಡ್ಡ ಮಗುವಿನ ಮುಖ ಬಾಡುತ್ತದೆ. ಅದಕ್ಕಿಂತ ಮುಖ್ಯವಾಗಿ, ದಣಿದ ಕೈ ಎರಡು ಪುಟದುದ್ದಕ್ಕೂ ತಪ್ಪು ರೂಪವನ್ನೇ ಗಟ್ಟಿ ಮಾಡಿಕೊಳ್ಳುತ್ತದೆ. ಕಾಪಿ ಪುಸ್ತಕದ ಬದಲು ಎರಡು ತಿಂಗಳ ಹಿಂದಿನ ಅದರದೇ ಸಮಾಜ ವಿಜ್ಞಾನದ ನೋಟ್‌ಬುಕ್ ತೆಗೆಸಿ. ಒಂದು ಪುಟವನ್ನು ಗಟ್ಟಿಯಾಗಿ ಓದಲು ಹೇಳಿ. ತಡವರಿಸಿದ ಕಡೆಯೆಲ್ಲ ಪೆನ್ಸಿಲಿನಲ್ಲಿ ಮಗುವೇ ಗುರುತು ಹಾಕಿಕೊಳ್ಳಲಿ, ನೀವು ಬಾಯಿ ಹಾಕಬೇಡಿ. ಯಾವ ಅಕ್ಷರ ಕೈಕೊಡುತ್ತಿದೆ ಎಂಬುದು ಆ ಒಂದು ಪುಟದಲ್ಲೇ ತಿಳಿಯುತ್ತದೆ.

ಕನ್ನಡದಲ್ಲಿ ಕೈಕೊಡುವ ಅಕ್ಷರಗಳು ಹೆಚ್ಚುಕಡಿಮೆ ಎಲ್ಲರಿಗೂ ಅವೇ. ಮೊದಲನೆಯದು ತಲೆಕಟ್ಟು. ಅವಸರದಲ್ಲಿ ಬರೆಯುವವರು ಅದನ್ನು ನುಂಗುತ್ತಾರೆ, ಇಲ್ಲವೇ ಪಕ್ಕದ ಅಕ್ಷರದ ಮೇಲೆ ಹಾರಿಸುತ್ತಾರೆ. ತಲೆಕಟ್ಟು ಹೋದ ‘ರ’ ಬರೀ ಸೊನ್ನೆ. ‘ಬರ’ ಎಂದು ಬರೆದದ್ದು ‘ಬಂ’ ಆಗಿ ಕೂತಿರುತ್ತದೆ. ಎರಡನೆಯದು ‘ಮ’ ಮತ್ತು ‘ವು’. ‘ವ’ ಬರೆದು ಬಲಗಡೆ ಮಾಮೂಲಿ ಕೊಂಬು ಎಳೆದರೆ ‘ಮ’ ಆಗಿಬಿಡುತ್ತದೆ. ಅದಕ್ಕೇ ‘ವು’, ‘ಪು’ಗಳಲ್ಲಿ ಕೊಂಬು ಅಕ್ಷರದ ಬುಡದಿಂದ ಕೆಳಕ್ಕಿಳಿದು ಬಲಕ್ಕೆ ತಿರುಗಬೇಕು. ಇದನ್ನು ಬಾಯಲ್ಲಿ ಹೇಳಿದರೆ ಸಾಲದು. ಎರಡನ್ನೂ ಅಂಗೈಯಗಲ ದೊಡ್ಡದಾಗಿ ಪಕ್ಕಪಕ್ಕದಲ್ಲಿ ಬರೆದು, ಪೆನ್ನು ಎಲ್ಲಿ ತಿರುಗುತ್ತದೆ ಎಂದು ಬೆರಳಿಟ್ಟು ತೋರಿಸಿ. ಹದಿನಾಲ್ಕರ ಹುಡುಗನಿಗೆ ಕಾರಣ ತಿಳಿದರೆ ಕೈ ತಾನೇ ಹೊಂದಿಕೊಳ್ಳುತ್ತದೆ. ದೊಡ್ಡ ಮಗುವಿಗೆ ಕಲಿಸುವುದರಲ್ಲಿ ಇರುವ ಅನುಕೂಲವೇ ಇದು. ಐದರ ಮಗುವಿಗೆ ಕಾರಣ ಹೇಳಿ ಫಲವಿಲ್ಲ. ‘ದ’ದ ಹೊಟ್ಟೆ ಸೀಳಿದರೆ ‘ಧ’ ಎಂಬುದೂ ಹೀಗೆಯೇ. ಸೀಳು ಕಾಣಿಸದಿದ್ದರೆ ಓದುವವರು ಅದನ್ನು ಕಾಗುಣಿತದ ತಪ್ಪೆಂದೇ ಎಣಿಸುತ್ತಾರೆ.

ಇನ್ನು ಸಾಲಿನ ಜಾಗ. ನನ್ನ ಪ್ರಕಾರ ಕನ್ನಡ ಕೈಬರಹದ ಅರ್ಧ ಅಂದಗೇಡಿಗೆ ಕಾರಣ ಇದೇ, ಯಾರೂ ಹೇಳಿಕೊಡದಿರುವುದೂ ಇದನ್ನೇ. ಇಂಗ್ಲಿಷಿಗೆ ನಾಲ್ಕು ಗೆರೆಯ ಪುಸ್ತಕದಲ್ಲಿ ಅಭ್ಯಾಸ ಮಾಡಿಸುತ್ತೇವೆ. ಕನ್ನಡಕ್ಕೆ ಒಂದೇ ಗೆರೆ ಕೊಟ್ಟು, ಒತ್ತಕ್ಷರ ಎಲ್ಲಿ ಕೂರಬೇಕೆಂದು ಹೇಳದೆ ಬಿಡುತ್ತೇವೆ. ಮಗು ಎರಡು ಗೆರೆಯ ನಡುವಿನ ಜಾಗವನ್ನೆಲ್ಲ ಅಕ್ಷರದ ಮೈಗೇ ಕೊಟ್ಟುಬಿಡುತ್ತದೆ. ಆಗ ಒತ್ತು ಕೆಳಗಿನ ಸಾಲಿನ ಗುಡಿಸು, ತಲೆಕಟ್ಟುಗಳ ಮೇಲೆ ಬೀಳುತ್ತದೆ, ಪುಟವೆಲ್ಲ ಕಾಗೆ ಕಾಲು ಗುಬ್ಬಿ ಕಾಲು. ಮೈಯನ್ನು ಅರ್ಧ ಜಾಗಕ್ಕೆ ಇಳಿಸಿ, ಉಳಿದದ್ದನ್ನು ಮೇಲಿನ ಸಾಲಿನಿಂದ ಇಳಿಯುವ ಒತ್ತಿಗೆ ಬಿಡಲು ಹೇಳಿ. ಪರೀಕ್ಷಿಸಲು ‘ಸ್ವಾತಂತ್ರ್ಯ’ ಒಳ್ಳೆಯ ಪದ. ‘ಸ’ಕ್ಕೆ ವ ಒತ್ತು, ‘ತ’ದ ಕೆಳಗೆ ರ ಒತ್ತು, ಅದರ ಪಕ್ಕದಲ್ಲಿ ಯ ಒತ್ತು. ಅದನ್ನೂ ‘ರಾಷ್ಟ್ರ’ವನ್ನೂ ಒಂದರ ಕೆಳಗೊಂದು ಬರೆಸಿ. ಒತ್ತು ಯಾವುದಕ್ಕೂ ತಾಕದಿದ್ದರೆ ಅರ್ಧ ಕೆಲಸ ಆದಂತೆ. ಅಕ್ಷರ ಚಿಕ್ಕದು ಮಾಡಿದ್ದಕ್ಕೇ ಪುಟ ಬೇರೆಯವರು ಬರೆದಂತೆ ಕಾಣುವುದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ಅಕ್ಷರ, ಜಾಗ ಆದ ಮೇಲೆ ಕೈಯ ಭಾರ. ಮಗು ಬರೆದ ಹಾಳೆ ತಿರುಗಿಸಿ ಹಿಂಬದಿಯ ಮೇಲೆ ಬೆರಳಾಡಿಸಿ ನೋಡಿ. ಅಕ್ಷರಗಳು ಉಬ್ಬಿ ಕೈಗೆ ಸಿಗುತ್ತಿದ್ದರೆ ಮಗು ಪೆನ್ನನ್ನು ಅದುಮಿ ಬರೆಯುತ್ತಿದೆ ಎಂದರ್ಥ. ಅಂಥ ಕೈ ಪರೀಕ್ಷೆಯ ಮೂರು ಗಂಟೆ ತಡೆಯುವುದಿಲ್ಲ, ಕೊನೆಯ ಪುಟಗಳು ಕೆಡುವುದು ಅದಕ್ಕೇ. ಇದಕ್ಕೆ ಇಂಕ್ ಪೆನ್ನಿನಂಥ ಮೇಷ್ಟರಿಲ್ಲ. ಅದುಮಿದರೆ ನಿಬ್ಬು ಬಾಯಿ ಬಿಡುತ್ತದೆ, ಹಗುರಾಗಿ ಹಿಡಿದರೆ ತಾನಾಗಿ ಹರಿಯುತ್ತದೆ. ದುಬಾರಿಯದು ಬೇಡ. ಜೆಲ್ ಪೆನ್ನು ಜಾರುವ ಕೈಯನ್ನು ಇನ್ನಷ್ಟು ಜಾರಿಸುತ್ತದೆ, ಸದ್ಯಕ್ಕೆ ಬಿಡಿಸಿ. ಹೊಟ್ಟೆ ಮೇಲೆ ಮಲಗಿ ಬರೆಯುವುದನ್ನೂ ನಿಲ್ಲಿಸಿ. ಕಾಲು ನೆಲಕ್ಕೂರಿ ಮೊಣಕೈ ಮೇಜಿನ ಮೇಲಿರಲಿ. ಬಲಗೈಯವರು ಪುಸ್ತಕವನ್ನು ಸ್ವಲ್ಪ ಎಡಕ್ಕೆ ವಾಲಿಸಬೇಕು, ಎಡಗೈಯವರು ಬಲಕ್ಕೆ. ಎಡಗೈ ಮಗುವಿನ ಕೈ ಬದಲಿಸಲು ದಯವಿಟ್ಟು ಹೋಗಬೇಡಿ. ಎಡಗೈಯೂ ಬರೆಯಬಲ್ಲ ಕೈಯೇ. ಗಾಂಧೀಜಿಯೇ 1909ರಲ್ಲಿ ಹಡಗಿನಲ್ಲಿ ಕೂತು ‘ಹಿಂದ್ ಸ್ವರಾಜ್’ ಬರೆದಾಗ ಬಲಗೈ ಸೋತ ಮೇಲೆ ಎಡಗೈಯಲ್ಲಿ ಮುಂದುವರಿಸಿದರು.

ದಿನಕ್ಕೆ ಹತ್ತು ನಿಮಿಷ ಸಾಕು, ವಾರಕ್ಕೆ ಒಂದೇ ಅಕ್ಷರ. ಬರೆಯಲು ಮಗುವಿಗೆ ಇಷ್ಟವಾದದ್ದೇ ಇರಲಿ, ಕ್ರಿಕೆಟ್ ತಂಡದ ಪಟ್ಟಿಯಾದರೂ ಸರಿ. ಯಾವುದಾದರೂ ಒಂದು ವಿಷಯದ ನೋಟ್‌ಬುಕ್ಕಿನಲ್ಲಿ ಮಾತ್ರ ಹೊಸ ಅಕ್ಷರ ಬಳಸುವಂತೆ ಒಪ್ಪಂದ ಮಾಡಿಕೊಳ್ಳಿ. ಉಳಿದವುಗಳಲ್ಲಿ ಕೆಲವು ವಾರ ಹಳೆಯದೇ ಇರುತ್ತದೆ, ಇರಲಿ ಬಿಡಿ. ರೂಪ ಕೈಗೆ ಹತ್ತುವ ಮೊದಲೇ ವೇಗ ಕೇಳಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

ಒಂದು ಮಾತು ಗಂಭೀರವಾಗಿ ಹೇಳಬೇಕು. ಬಾಯಲ್ಲಿ ಪಟಪಟ ಉತ್ತರ ಹೇಳುವ ಮಗು ಬರೆಯಲು ಕೂತರೆ ಕೈನೋವು ಎಂದು ಅಳುತ್ತಿದ್ದರೆ, ಗೊತ್ತಿರುವ ಪದದಲ್ಲೇ ಅಕ್ಷರ ಬಿಡುತ್ತಿದ್ದರೆ, ಎಷ್ಟು ಅಭ್ಯಾಸ ಮಾಡಿದರೂ ಹಾಗೇ ಉಳಿದರೆ ಅದು ಸೋಮಾರಿತನವಲ್ಲ, ಡಿಸ್‌ಗ್ರಾಫಿಯ ಇರಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅದನ್ನು ಕಲಿಕೆಯ ನ್ಯೂನತೆಗಳ ಸಾಲಿಗೆ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ನ್ಯೂನತೆಗಳ ಪರೀಕ್ಷೆ ಮಾಡುತ್ತಾರೆ. ಅಂಥ ಮಗುವಿಗೆ ಇನ್ನೊಂದು ಕಾಪಿ ಪುಸ್ತಕ ತರಬೇಡಿ. ಎಸ್ಸೆಸ್ಸೆಲ್ಸಿ ಹತ್ತಿರ ಬರುವವರೆಗೆ ಕಾಯದೆ, ಒಂಬತ್ತನೇ ಕ್ಲಾಸಿನಲ್ಲೇ ತಜ್ಞರಿಗೆ ತೋರಿಸಿ.