ಕಕ್ಕೇರಾದಿಂದ ಕಾಣುವ ಅಮೆರಿಕ

2024ರ ನವೆಂಬರ್ 6. ಯಾದಗಿರಿ ಜಿಲ್ಲೆಯ ಕಕ್ಕೇರಾದ ಚಹಾದಂಗಡಿಯ ಟಿ.ವಿ.ಯಲ್ಲಿ ಅಮೆರಿಕದ ಅಧ್ಯಕ್ಷ ಚುನಾವಣೆಯ ಮತ ಎಣಿಕೆ. ಪಕ್ಕದಲ್ಲಿದ್ದ ಹಿರಿಯರು ಕೇಳಿದರು: ‘ಕಮಲಾ ನಮ್ಮಾಕಿ ಅಲ್ಲೇನ್ರೀ? ಮತ್ತ್ಯಾಕ ಸೋತಳು?’

ತಪ್ಪು ಅವರದಲ್ಲ. ನಮ್ಮ ಚಾನೆಲ್‌ಗಳು ಮತ್ತೆ ಮತ್ತೆ ತೋರಿಸಿದ್ದು ಕಮಲಾ ಹ್ಯಾರಿಸ್ ಅವರ ಅಜ್ಜನ ಊರಾದ ತಮಿಳುನಾಡಿನ ತುಳಸೇಂದ್ರಪುರಂನ ಗುಡಿಯ ಪೂಜೆಯನ್ನು. ಅಮೆರಿಕದ ಮತದಾರ ದಿನಸಿ ಬೆಲೆಗೆ ಬೇಸತ್ತಿದ್ದ ಸುದ್ದಿ ಅಂಗಡಿಯವರೆಗೆ ಬರಲೇ ಇಲ್ಲ.

ಲೆಕ್ಕವನ್ನು ಕನ್ನಡ ಪತ್ರಿಕೆಗಳು ಚೆನ್ನಾಗಿಯೇ ಕೊಡುತ್ತವೆ: ಒಟ್ಟು 538 ಎಲೆಕ್ಟೋರಲ್ ಮತ, ಗೆಲ್ಲಲು 270, ಟ್ರಂಪ್ ಪಡೆದದ್ದು 312. ಎಣಿಕೆ ಮುಗಿದ ಮೇಲೆ ದಾರಿ ತಪ್ಪುತ್ತದೆ. ಅಧ್ಯಕ್ಷನೆಂದರೆ ಅರಸ, ರಾಜಕೀಯವೆಂದರೆ ಇಬ್ಬರು ನಾಯಕರ ಸ್ನೇಹ ಅಥವಾ ಮುನಿಸು. 2025ರ ಆಗಸ್ಟ್ 27ರಂದು ಭಾರತದ ಸರಕಿನ ಮೇಲೆ ಸುಂಕ ಶೇ 50ಕ್ಕೆ ಏರಿದಾಗಲೂ ಚರ್ಚೆ ನಡೆದದ್ದು ಗೆಳೆತನ ಮುರಿದದ್ದರ ಸುತ್ತ. ಅಮೆರಿಕದಲ್ಲಿ ತೆರಿಗೆ ಹಾಕುವ ಅಧಿಕಾರ ಸಂವಿಧಾನದ ಪ್ರಕಾರ ಸಂಸತ್ತಿನದು, ಅಂದರೆ ಕಾಂಗ್ರೆಸ್ಸಿನದು. ಟ್ರಂಪ್ ಬಳಸಿದ್ದು 1977ರ ತುರ್ತು ಅಧಿಕಾರದ ಕಾಯ್ದೆಯನ್ನು. ಅದೇ ಕಾಯ್ದೆಯಡಿ ಮೊದಲು ಹೇರಿದ್ದ ಸುಂಕ ಸಲ್ಲದೆಂದು ಅಲ್ಲಿನ ವ್ಯಾಪಾರ ನ್ಯಾಯಾಲಯ ಮೇ 28ರಂದೇ ಹೇಳಿತ್ತು. ಓದುಗನಿಗೆ ಇದನ್ನು ಬಿಡಿಸಿ ಹೇಳಿದವರು ಕಡಿಮೆ.

ದೂರದ ನಾಡನ್ನು ಬಿಡಿಸಿ ಹೇಳಲು ಅಲ್ಲಿ ಬದುಕಿದವರು ಬೇಕು. ನಮ್ಮ ಪಕ್ಕದ ಸುರಪುರದಲ್ಲಿ ವರ್ಷಗಟ್ಟಲೆ ಇದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 1840ರಿಂದ 1853ರವರೆಗೆ ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ಬರೆಯುತ್ತಿದ್ದ. ಅವನ ಕಣ್ಣು ಆಳುವವರದೇ; ಆದರೂ ಅವನು ಈ ನೆಲದಲ್ಲಿ ಬದುಕಿ ಬರೆದ. ನಮಗೆ ಅಮೆರಿಕ ಬರುವುದು ಬಹುಪಾಲು ಸುದ್ದಿಸಂಸ್ಥೆಗಳ ಇಂಗ್ಲಿಷ್ ಪ್ರತಿಯಾಗಿ, ಅವಸರದ ಅನುವಾದದಲ್ಲಿ.

ಇದರ ನಷ್ಟ ದೊಡ್ಡದು. ಅಮೆರಿಕದ ಸುಂಕಕ್ಕೆ ಜವಳಿ ಉದ್ಯಮ ತತ್ತರಿಸಿದ ಆ ಆಗಸ್ಟ್‌ನಲ್ಲೇ ಕೇಂದ್ರ ಸರ್ಕಾರ ಹತ್ತಿಯ ಶೇ 11ರ ಆಮದು ಸುಂಕ ತೆಗೆಯಿತು. ಮೊದಲು ಸೆಪ್ಟೆಂಬರ್ 30ರವರೆಗೆ, ಆಮೇಲೆ ಡಿಸೆಂಬರ್ 31ರವರೆಗೆ. ನಮ್ಮ ಹೊಲಗಳಲ್ಲಿ ಹತ್ತಿ ಬಿಡಿಸುವ ಕಾಲವೇ ಅದು. ಹೊರಗಿನ ಹತ್ತಿ ಸುಂಕವಿಲ್ಲದೆ ಬಂದರೆ ಯಾದಗಿರಿ ರೈತನ ಕ್ವಿಂಟಲ್‌ಗೆ ಏನು ಸಿಕ್ಕೀತು? ವಾಷಿಂಗ್ಟನ್ನಿನ ರಾಜಕೀಯ ಕಕ್ಕೇರಾದ ಹೊಲಕ್ಕೆ ಇಳಿದ ಗಳಿಗೆ ಅದು. ಆದರೆ ಒಂದು ಸುದ್ದಿ ವಿದೇಶದ ಪುಟದಲ್ಲಿ, ಇನ್ನೊಂದು ವಾಣಿಜ್ಯದ ಮೂಲೆಯಲ್ಲಿ ಉಳಿದವು.

2026ರ ನವೆಂಬರ್ 3ರಂದು ಅಮೆರಿಕದ ಕಾಂಗ್ರೆಸ್ಸಿಗೆ ಚುನಾವಣೆ. ಸಂಪಾದಕರೇ, ಅಂದು ‘ನಮ್ಮವರು’ ಎಷ್ಟು ಜನ ಗೆದ್ದರೆಂದು ಎಣಿಸುವ ಮುಂಚೆ, ಗೆದ್ದವರು ಹತ್ತಿಯ ಬಗ್ಗೆ ಏನು ಹೇಳುತ್ತಾರೆಂದು ಬರೆಯಿರಿ.