ಪೈರು ಬರೆದ ನಕ್ಷೆಯನ್ನು ಎಷ್ಟು ನಂಬಬಹುದು?

ಹೋದ ವರ್ಷ ತಿಪ್ಪೆ ಇದ್ದ ಜಾಗದಲ್ಲಿ ಈ ವರ್ಷದ ಪೈರು ಸೊಕ್ಕಿ ಬೆಳೆಯುತ್ತದೆ. ಹೂತುಹೋದ ಪಾಯದ ಮೇಲೆ ಸೊರಗುತ್ತದೆ. ಯಾವ ರೈತನಿಗೂ ಇದು ಹೊಸ ಸಂಗತಿಯಲ್ಲ. ಇದನ್ನೇ ಆಧಾರವಾಗಿಟ್ಟುಕೊಂಡು ಬ್ರಿಟನ್ನಿನ ಪುರಾತತ್ವಜ್ಞರು ಸುಮಾರು ನೂರು ವರ್ಷಗಳಿಂದ ಆಕಾಶದಿಂದ ತೆಗೆದ ಫೋಟೊಗಳಲ್ಲಿ ಇತಿಹಾಸಪೂರ್ವ ಕಾಲದ ಹೊಲ, ಹಟ್ಟಿ, ದೊಡ್ಡಿಗಳನ್ನು ಹುಡುಕುತ್ತ ಬಂದಿದ್ದಾರೆ. ಈ ವಿಧಾನದಿಂದ ಸಿಕ್ಕಿದ್ದು ಅಪಾರ. ಆದರೆ ಅದು ನಿಜಕ್ಕೂ ತೋರಿಸುವುದೇನು, ತೋರಿಸಿದಂತೆ ನಮ್ಮನ್ನು ನಂಬಿಸುವುದೇನು ಎಂದು ವಿಂಗಡಿಸದೆ ಹೊಗಳಿದರೆ ವಿಧಾನಕ್ಕೇ ಅನ್ಯಾಯ ಮಾಡಿದಂತೆ.

ಮೊದಲು ಪೈರುಗುರುತು ಮೂಡುವ ಬಗೆ. ದಕ್ಷಿಣ ಇಂಗ್ಲೆಂಡಿನ ಕಬ್ಬಿಣಯುಗದ ಒಕ್ಕಲಿಗ ತನ್ನ ಮನೆಯ ಸುತ್ತ ಸುಣ್ಣದ ನೆಲವನ್ನು ಕೊರೆದು ಕಂದಕ ತೋಡಿದ, ಅಗೆದ ಮಣ್ಣನ್ನು ಬದುವಾಗಿ ಒಟ್ಟಿದ. ಅವನ ನಂತರದ ಶತಮಾನಗಳಲ್ಲಿ ಕಂದಕ ಮಣ್ಣು ತುಂಬಿ ಮುಚ್ಚಿತು, ಬದುವನ್ನು ನೇಗಿಲು ಸವರಿ ಹಾಕಿತು. ಇಂದು ಆ ಹೊಲದ ನಡುವೆ ನಿಂತರೂ ಏನೂ ಕಾಣುವುದಿಲ್ಲ. ಮಳೆ ಕೈಕೊಟ್ಟ ಜೂನ್‌ನಲ್ಲಿ ಮಾತ್ರ ಕಥೆ ಬೇರೆ. ತೆಳುಮಣ್ಣಿನ ಮೇಲಿನ ಬಾರ್ಲಿ ನೀರಿಲ್ಲದೆ ಬೇಗ ಹಳದಿಗೆ ತಿರುಗಿದರೆ, ಮುಚ್ಚಿದ ಕಂದಕದ ಆಳವಾದ, ತೇವ ಹಿಡಿದ ಮಣ್ಣಿಗೆ ಬೇರಿಳಿಸಿದ ಬಾರ್ಲಿ ಇನ್ನೂ ಹಸಿರಾಗಿ, ತುಸು ಎತ್ತರವಾಗಿ ನಿಂತಿರುತ್ತದೆ. ಮೇಲಿಂದ ನೋಡಿದರೆ ಹಳದಿ ಹೊಲದಲ್ಲಿ ಕಡುಹಸಿರು ಗೆರೆ. ಕೆಳಗೆ ಕಲ್ಲುಗೋಡೆಯಿದ್ದರೆ ಇದೇ ಲೆಕ್ಕ ತಿರುವುಮುರುವು. ಪೂರ್ತಿ ಮಾಗಿದರೆ, ಇಲ್ಲವೇ ಜೋರು ಮಳೆ ಬಂದರೆ, ಗುರುತು ಅಳಿಸಿಹೋಗುತ್ತದೆ.

ಈ ವಿದ್ಯೆಗೆ ಶಿಸ್ತು ತಂದವರು ಒ.ಜಿ.ಎಸ್. ಕ್ರಾಫರ್ಡ್. ಮೊದಲ ಮಹಾಯುದ್ಧದಲ್ಲಿ ವಿಮಾನದಿಂದ ವೀಕ್ಷಣೆ ಮಾಡಿದ್ದ ಅವರು 1920ರಲ್ಲಿ ಬ್ರಿಟನ್ನಿನ ಭೂಮಾಪನ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ ಮೊದಲ ಪುರಾತತ್ವ ಅಧಿಕಾರಿಯಾದರು. 1924ರಲ್ಲಿ ಅಲೆಕ್ಸಾಂಡರ್ ಕೀಲರ್ ಜೊತೆ ಹಾರಾಟ ನಡೆಸಿ, 1928ರಲ್ಲಿ ‘ವೆಸೆಕ್ಸ್ ಫ್ರಮ್ ದಿ ಏರ್’ ಪ್ರಕಟಿಸಿದರು. ಆ ಪುಸ್ತಕದ ಕೀರ್ತಿ ನ್ಯಾಯವಾದದ್ದೇ. ಆದರೂ ಅದರ ಬಹುಪಾಲು ಚಿತ್ರಗಳಲ್ಲಿರುವುದು ನೆಲದ ಮೇಲೆ ಉಳಿದಿದ್ದ ಬದು, ದಿಬ್ಬಗಳು ಎಂಬುದನ್ನು ಗಮನಿಸಬೇಕು. ನೆಲದ ಮೇಲೆ ಏನೂ ಉಳಿಯದಿದ್ದಲ್ಲಿಯೂ ಹಳೆಯ ಬೇಸಾಯದ ಚಹರೆ ಸಿಕ್ಕೀತು ಎಂಬುದನ್ನು ಧಾರಾಳವಾಗಿ ತೋರಿಸಿದ್ದು 1930ರ ದಶಕದಲ್ಲಿ ಥೇಮ್ಸ್ ಕಣಿವೆಯ ಜಲ್ಲಿನೆಲದ ಹೊಲಗಳ ಮೇಲೆ ಹಾರಿದ ಮೇಜರ್ ಅಲೆನ್ ಅವರ ಫೋಟೊಗಳು.

ವಿಧಾನದ ಬಲ ಮತ್ತು ಮಿತಿ ಎರಡನ್ನೂ ಅಳೆಯಲು ಸಾಲ್ಸ್‌ಬರಿ ಬಳಿಯ ಲಿಟಲ್ ವುಡ್‌ಬರಿಗಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. 1920ರ ದಶಕದ ಫೋಟೊದಲ್ಲಿ ಪತ್ತೆಯಾದ ತಾಣ ಅದು. ಸುತ್ತುಗೆರೆಯಂಥ ಕಂದಕ, ಒಂದು ಕಡೆ ಬಾಗಿಲಿನ ತೆರವು, ಆ ತೆರವಿನ ಎರಡೂ ಪಕ್ಕದಿಂದ ಹೊರಕ್ಕೆ ಚಾಚಿದ ಕೊಂಬಿನಂಥ ಗೆರೆಗಳು, ಒಳಗೆ ಚುಕ್ಕಿ ಚುಕ್ಕಿ ಕುಣಿಗಳು. ಈ ಆಕಾರ ನೋಡಿದವರಿಗೆ ಸಂಜೆ ದನಗಳನ್ನು ಒಳಗಟ್ಟುವ ಚಿತ್ರ ತಾನಾಗಿ ಕಣ್ಣಿಗೆ ಕಟ್ಟುತ್ತದೆ. ನಾಜಿ ಆಡಳಿತದಿಂದಾಗಿ ಜರ್ಮನಿಯಲ್ಲಿ ಹುದ್ದೆ ಕಳೆದುಕೊಂಡು ಬಂದಿದ್ದ ಗೆರ್ಹಾರ್ಡ್ ಬೆರ್ಸು 1938–39ರಲ್ಲಿ ಅಲ್ಲಿ ಉತ್ಖನನ ನಡೆಸಿದರು. ಜನ ಅಂಥ ಕುಣಿಗಳಲ್ಲೇ ವಾಸವಿದ್ದರು ಎಂಬುದು ಆವರೆಗಿನ ನಂಬಿಕೆ. ಅವು ಕಾಳು ತುಂಬಿಡುತ್ತಿದ್ದ ಹಗೇವುಗಳೆಂದೂ, ಜನರಿದ್ದದ್ದು ಮರದ ಕಂಬಗಳ ದೊಡ್ಡ ದುಂಡುಮನೆಯಲ್ಲೆಂದೂ ಬೆರ್ಸು ತೋರಿಸಿದರು. ಕುಣಿ ಎಲ್ಲಿದೆಯೆಂದು ಹೇಳಿದ್ದು ಫೋಟೊ. ಅದು ಏತಕ್ಕೆಂದು ಹೇಳಿದ್ದು ಗುದ್ದಲಿ.

ಇಲ್ಲೇ ಒಂದು ತಪ್ಪು ಹೆಜ್ಜೆಯೂ ಬಿತ್ತು. ಅದೇ ಆಕಾರದ ಗೆರೆ ಬೇರೆ ಹೊಲದಲ್ಲಿ ಕಂಡಾಗಲೆಲ್ಲ ‘ಇದೂ ಲಿಟಲ್ ವುಡ್‌ಬರಿಯಂಥದ್ದೇ’ ಎಂದು ಷರಾ ಬರೆಯುವುದು ರೂಢಿಯಾಯಿತು. ಡಾರ್ಸೆಟ್‌ನ ಗಸೇಜ್ ಆಲ್ ಸೇಂಟ್ಸ್‌ನಲ್ಲಿ ಅಂಥದೇ ಆವರಣವೊಂದನ್ನು 1972ರಲ್ಲಿ ಜೆಫ್ರಿ ವೇನ್‌ರೈಟ್ ಇಡಿಯಾಗಿ ಅಗೆಸಿದರು. ಫೋಟೊದಲ್ಲಿ ಒಂದೇ ಎಂಬಂತೆ ಕಂಡ ನಕ್ಷೆಯ ಹಿಂದೆ ಶತಮಾನಗಳುದ್ದಕ್ಕೂ ಬದಲಾದ ಮೂರು ಹಂತದ ವಸತಿ ಇತ್ತು. ಒಂದು ಕುಣಿಯಲ್ಲಿ ರಥ ಮತ್ತು ಕುದುರೆಸಜ್ಜಿನ ಕಂಚಿನ ಭಾಗಗಳನ್ನು ಎರಕ ಹೊಯ್ದ ಮಣ್ಣಿನ ಅಚ್ಚುಗಳ ಸಾವಿರಾರು ಚೂರುಗಳು ಸಿಕ್ಕವು. ಬರೀ ಒಕ್ಕಲುತನದ ಹಟ್ಟಿ ಎಂದುಕೊಂಡಲ್ಲಿ ನುರಿತ ಎರಕದವರ ಕೆಲಸವೂ ನಡೆದಿತ್ತು. ಎಷ್ಟೇ ಹಸಿರಾದ ಬಾರ್ಲಿಯೂ ಇದನ್ನು ಹೇಳಲಾರದು.

ಕಾಲದ ವಿಷಯದಲ್ಲಂತೂ ಫೋಟೊ ಇನ್ನೂ ದುರ್ಬಲ. ಸ್ಕಾಟ್ಲೆಂಡಿನ ಡೀ ನದಿಯ ದಂಡೆಯ ಬಾಲ್‌ಬ್ರೈಡಿಯಲ್ಲಿ, 1976ರ ಬರಗಾಲದ ಬೇಸಿಗೆಯಲ್ಲಿ ಸುಮಾರು 25 ಮೀಟರ್ ಉದ್ದದ ಮರದ ಕಟ್ಟಡವೊಂದರ ಗುರುತು ಮೂಡಿತು. ಆಕಾರ ಮಧ್ಯಯುಗದ ಆರಂಭದ ದೊರೆಗಳ ಸಭಾಮಂದಿರದಂತಿತ್ತು. ತಜ್ಞರೂ ಹಾಗೆಂದೇ ಎಣಿಸಿದರು. ಉತ್ಖನನದಲ್ಲಿ ಸಿಕ್ಕ ವಸ್ತುಗಳ ರೇಡಿಯೊಕಾರ್ಬನ್ ಪರೀಕ್ಷೆ ಅದನ್ನು ಕ್ರಿ.ಪೂ. ನಾಲ್ಕನೆಯ ಸಹಸ್ರಮಾನದ ಆರಂಭಕ್ಕೆ ಒಯ್ದಿತು. ನಾಲ್ಕು ಸಾವಿರ ವರ್ಷಕ್ಕೂ ಮೀರಿದ ವ್ಯತ್ಯಾಸ! ಬ್ರಿಟನ್ನಿನ ಮೊಟ್ಟಮೊದಲ ಬೇಸಾಯಗಾರರ ಕಟ್ಟಡ ಅದು, ಸುಟ್ಟು ಕರಿಯಾದ ಧಾನ್ಯದ ರಾಶಿಯ ಸಮೇತ. ಇದನ್ನು ತಜ್ಞರ ಅಜಾಗರೂಕತೆ ಎನ್ನಲಾಗದು. ಆಕಾರ ಹೋಲುವುದರಿಂದ ಕಾಲವೂ ಒಂದೇ ಇರಬೇಕೆಂಬ ತರ್ಕವೇ ಇಲ್ಲಿ ಸೋತದ್ದು.

ಇನ್ನು ಮೋಸದ ಗುರುತುಗಳು. ಹಿಮಯುಗದಲ್ಲಿ ನೆಲ ಹೆಪ್ಪುಗಟ್ಟಿ ಬಿರಿದ ಸೀಳುಗಳು ಹೊಲದ ಬದುಗಳಂತೆ ಕಾಣಬಲ್ಲವು. ಎರಡನೆಯ ಮಹಾಯುದ್ಧದ ಸರ್ಚ್‌ಲೈಟ್ ಠಾಣೆಯ ದುಂಡು ಕಾಲುವೆ ಕಂಚಿನಯುಗದ ಸಮಾಧಿಯ ವೇಷ ಹಾಕಬಲ್ಲದು. ನುರಿತ ಕಣ್ಣು ಇವನ್ನು ಬಹುಮಟ್ಟಿಗೆ ಹಿಡಿಯುತ್ತದೆ. ಹಿಡಿಯಲು ಕಷ್ಟವಾದದ್ದು ಗೈರುಹಾಜರಿ. ನೀರು ಬಸಿದುಹೋಗುವ ಸುಣ್ಣದ ನೆಲ, ಜಲ್ಲಿನೆಲಗಳಲ್ಲಿ ಗುರುತು ಸಲೀಸಾಗಿ ಮೂಡುತ್ತದೆ. ತೇವ ಬಿಡದ ಜೇಡಿಯಲ್ಲಿ ಅಪರೂಪ. ಹುಲ್ಲುಗಾವಲಿನಲ್ಲಿ ಕಡು ಬರ ಬಂದರೆ ಮಾತ್ರ. ಹೀಗಾಗಿ ಪೈರುಗುರುತುಗಳ ಹಂಚಿಕೆಯ ನಕ್ಷೆಯಲ್ಲಿ ಹಿಂದಿನವರು ಎಲ್ಲಿ ಬದುಕಿದ್ದರು ಎಂಬುದರ ಜೊತೆ ಇಂದಿನವರು ಎಲ್ಲಿ ಬಾರ್ಲಿ ಬಿತ್ತುತ್ತಾರೆ, ಯಾವ ವರ್ಷ ಯಾರು ಎಲ್ಲಿ ಹಾರಿದರು ಎಂಬುದೂ ಬೆರೆತಿರುತ್ತದೆ. 2018ರ ಬೇಸಿಗೆಯ ಬರದಲ್ಲಿ ಐರ್ಲೆಂಡಿನ ನ್ಯೂಗ್ರೇಂಜ್ ಬಳಿ ಡ್ರೋನ್ ಹಾರಿಸಿದ ಆಂಟನಿ ಮರ್ಫಿ, ಕೆನ್ ವಿಲಿಯಮ್ಸ್ ಕಣ್ಣಿಗೆ ಭಾರೀ ವರ್ತುಲವೊಂದು ಬಿತ್ತು. ಜಗತ್‌ಪ್ರಸಿದ್ಧ ತಾಣದ ಮಗ್ಗುಲಲ್ಲೇ ಅಷ್ಟು ದೊಡ್ಡದು ಅಡಗಿರಬಲ್ಲದೆಂದರೆ, ನಕ್ಷೆಯ ಖಾಲಿ ಜಾಗವನ್ನು ಖಾಲಿ ಎಂದು ಓದುವುದು ದುಡುಕು.

ಹಾಗಾದರೆ ಈ ವಿಧಾನಕ್ಕೆ ಸಾಟಿಯಿಲ್ಲದ್ದು ಎಲ್ಲಿ? ಹರವಿನಲ್ಲಿ. ಗುದ್ದಲಿ ಒಂದು ಆವರಣವನ್ನು ಬಿಡಿಸಿ ಹೇಳುವಷ್ಟರಲ್ಲಿ ವರ್ಷಗಳು ಉರುಳುತ್ತವೆ. ಒಂದೇ ಫೋಟೊ ಹಟ್ಟಿ, ಅದರ ಹೊಲ, ದನ ಓಡಾಡಿದ ಓಣಿ, ಪಕ್ಕದ ಹಟ್ಟಿ ಎಲ್ಲವನ್ನೂ ಒಟ್ಟಿಗೆ ಹಿಡಿದುಕೊಡುತ್ತದೆ. ಒಂದು ಕಂದಕ ಇನ್ನೊಂದನ್ನು ಕತ್ತರಿಸಿ ಹೋಗಿದ್ದರೆ ಎರಡೂ ಒಂದೇ ಕಾಲದವಲ್ಲ ಎಂಬ ಸುಳಿವೂ ಅದರಲ್ಲಿ ಸಿಗಬಹುದು. ಬೇಸಾಯ ಎಂದರೆ ಒಂದು ಮನೆಯ ಕಥೆಯಲ್ಲ, ಇಡೀ ನೆಲದ ವ್ಯವಸ್ಥೆ. ಆ ವ್ಯವಸ್ಥೆ ಕಾಣುವುದು ಮೇಲಿನಿಂದಲೇ.

ಆದರೆ ಕಂಡ ಮಾತ್ರಕ್ಕೆ ಬಳಕೆ ತಿಳಿಯದು ಎಂಬ ಪಾಠವನ್ನು ನಮ್ಮ ಬಳ್ಳಾರಿ, ರಾಯಚೂರು ಸೀಮೆಯ ಬೂದಿದಿಬ್ಬಗಳ ಅಧ್ಯಯನವೂ ಹೇಳುತ್ತದೆ. ಅವನ್ನು ಕಾಣಲು ವಿಮಾನ ಬೇಕಿಲ್ಲ, ಕಣ್ಣೆದುರಿಗೇ ಇವೆ. ಆದರೂ ಅವು ಏನೆಂಬ ವಾದ ದೀರ್ಘಕಾಲ ನಡೆಯಿತು. ಇಂದಿನ ತೆಲಂಗಾಣದ ಉಟ್ನೂರಿನಲ್ಲಿ 1957ರಲ್ಲಿ ಎಫ್.ಆರ್. ಆಲ್ಚಿನ್ ಅಗೆದಾಗ, ಸುಟ್ಟ ಸಗಣಿಯ ಪದರಗಳ ನಡುವೆ ಬೇಲಿಗೂಟ ನೆಟ್ಟ ಗುಳಿಗಳೂ ದನದ ಗೊರಸಿನ ಅಚ್ಚುಗಳೂ ಸಿಕ್ಕು, ಅದು ನವಶಿಲಾಯುಗದ ದನದ ದೊಡ್ಡಿ ಎಂಬ ವಾದಕ್ಕೆ ಗಟ್ಟಿ ನೆಲೆ ದೊರೆಯಿತು.

ಪೈರುಗುರುತಿನ ಓದನ್ನು ಮೂರು ದರ್ಜೆಯಲ್ಲಿ ನಂಬುವುದು ಲೇಸು. ತೋಡಿದ ನೆಲದ ಆಕಾರದ ಬಗ್ಗೆ ಅದರ ಮಾತನ್ನು ಬಹುಮಟ್ಟಿಗೆ ಒಪ್ಪಬಹುದು. ಆಕಾರಗಳ ನಡುವಿನ ಸಂಬಂಧದ ಬಗ್ಗೆ ಎಚ್ಚರದಿಂದ ಒಪ್ಪಬಹುದು. ಬಳಕೆ ಮತ್ತು ಕಾಲದ ಬಗ್ಗೆ ಅದು ಹೇಳುವುದನ್ನು ಊಹೆಯೆಂದೇ ದಾಖಲಿಸಬೇಕು. ಆದರೆ ಪ್ರತಿ ಗೆರೆಯನ್ನೂ ಅಗೆಯಲು ಹಣವಿಲ್ಲ, ಆಳುಗಳಿಲ್ಲ. ಉಳುಮೆಯಂತೂ ವರ್ಷವರ್ಷವೂ ಕಂದಕಗಳ ತಲೆ ಸವರುತ್ತಿದೆ. ಸಾವಿರಾರು ಆವರಣಗಳ ಮಟ್ಟಿಗೆ ಈ ಫೋಟೊಗಳೇ ಕೊನೆಯ ದಾಖಲೆಯಾಗಲಿವೆ. ಆದ್ದರಿಂದ ಅವುಗಳ ಕೆಳಗೆ ಬರೆಯುವ ಷರಾದಲ್ಲಿ ಕಂಡದ್ದು ಯಾವುದು, ಊಹಿಸಿದ್ದು ಯಾವುದು ಎಂದು ಬೇರೆಬೇರೆಯಾಗಿ ನಮೂದಿಸುವುದು ಈ ವಿದ್ಯೆಯ ಮೊದಲ ಹೊಣೆ.